ಆದಿಲ್‌ಶಾಹಿ ಬಾಗಿಲನ್ನು ಬಿಟ್ಟುಬಿಟ್ಟಿರಲ್ಲ!

ಎರಡು ಚರ್ಚ್ ನೋಡಿದರೆ ಪೋರ್ಚುಗೀಸರ ಹಳೆಯ ರಾಜಧಾನಿ ಓಲ್ಡ್ ಗೋವಾ ಮುಗಿಯಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲಾರೆ ಸಾರ್. ಸೇಂಟ್ ಕಾಜೆಟನ್ ಚರ್ಚ್ ಹತ್ತಿರ ಒಂದು ಒಂಟಿ ಕಲ್ಲಿನ ಬಾಗಿಲಿದೆ, ನೋಡಲಿಲ್ವಾ? ನಮ್ಮ ಬಿಜಾಪುರದ ಆದಿಲ್‌ಶಾಹಿ ಅರಮನೆಯದ್ದು ಅದು. 1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಊರು ಗೆದ್ದ. ಮುಂದೆ ಪೋರ್ಚುಗೀಸ್ ವೈಸರಾಯ್‌ಗಳೂ ಅದೇ ಅರಮನೆಯಲ್ಲಿದ್ದರು. ಈಗ ಉಳಿದಿರುವುದು ಬಾಗಿಲಷ್ಟೇ. ಗೋವಾದ ವಾಸ್ಕೋಗೆ ನಮ್ಮಲ್ಲಿಗೆ ಬರುವ ನೆಂಟರನ್ನು ನಾನು ಮೊದಲು ಅಲ್ಲಿಗೇ ಕರೆದೊಯ್ಯುತ್ತೇನೆ. ವಿಜಯಪುರ ಕಡೆಯವರಾದರಂತೂ ಅಲ್ಲಿಂದ ಹೊರಡಿಸುವುದೇ ಕಷ್ಟ!

ಆಮೇಲೆ ಸೇಂಟ್ ಅಗಸ್ಟೀನ್ ಗೋಪುರ. 1931ರಲ್ಲಿ ಕುಸಿದು ಅರ್ಧವೇ ಉಳಿದಿದೆ. ಬೊಮ್ ಜೀಸಸ್ ಚರ್ಚ್‌ಗಿಂತ ನನಗೆ ಇದೇ ಜಾಸ್ತಿ ಇಷ್ಟ, ನೂಕುನುಗ್ಗಲೂ ಇಲ್ಲ. ಕಾಲರಾ, ಮಲೇರಿಯಾ ಕಾಟಕ್ಕೆ ಓಲ್ಡ್ ಗೋವಾ ಊರೇ ಖಾಲಿಯಾಗಿ, 1843ರಲ್ಲಿ ಪಣಜಿ ರಾಜಧಾನಿಯಾಯಿತು. ಅದನ್ನಾದರೂ ಬರೆಯಬೇಕಿತ್ತು. ಸಂಜೆ ಹೊತ್ತಿದ್ದರೆ ವೈಸರಾಯ್ ಕಮಾನು ದಾಟಿ ದಿವಾರ್ ದ್ವೀಪದ ಫೆರಿ ದೋಣಿ ಹತ್ತಿ.