ಎಷ್ಟು ಕೊಡುತ್ತೆ?

ನಮ್ಮ ಮನೆಯ ಬೇಸ್‌ಮೆಂಟಿಗೆ ಹೊಸದಾಗಿ ಬಂದ, ಮನೆ ಬೆಚ್ಚಗಿಡುವ ಎಣ್ಣೆ ಬಾಯ್ಲರ್ ಮೇಲೆ ಎರಡು ಚೀಟಿಗಳಿವೆ. ಒಂದು, ಕಾರ್ಖಾನೆಯಲ್ಲೇ ಅಂಟಿಸಿದ ಹಳದಿ ಎನರ್ಜಿಗೈಡ್, ಯಂತ್ರ ಇಂಧನವನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಅಂತ ಹೇಳುವ ಚೀಟಿ. ಅದರಲ್ಲಿ ದಪ್ಪಕ್ಷರದಲ್ಲಿ 87. ಇನ್ನೊಂದು, ಕೂರಿಸಲು ಬಂದ ಟೆಕ್ನಿಷಿಯನ್ ನೇತುಹಾಕಿ ಹೋದ ರಟ್ಟಿನ ಚೀಟಿ. ಅದರಲ್ಲಿ ಪೆನ್ನಿನಿಂದ ಗೀಚಿದ 85.5. ಒಂದೇ ಯಂತ್ರ, ಎರಡು ಲೆಕ್ಕ. ಮ್ಯಾಸಚೂಸೆಟ್ಸ್ ಚಳಿಗೆ ಹೆದರಿ ಸಾವಿರಾರು ಡಾಲರ್ ಸುರಿದವನು ಈ ಒಂದೂವರೆ ಎಲ್ಲಿ ಹೋಯಿತು ಅಂತ ಕೇಳಬಾರದೇ?

ನಮ್ಮ ಕಡೆ ಬೈಕ್ ಕೊಂಡರೆ ಬಣ್ಣ ಆಮೇಲೆ, ಮೊದಲು "ಎಷ್ಟು ಕೊಡುತ್ತೆ?" ಕಂಪನಿ ಹೇಳಿದ ಮೈಲೇಜನ್ನು ಯಾರೂ ನಂಬುವುದಿಲ್ಲ. ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರೇ ಸಮಾಧಾನ. ದೇಶ ಬಿಟ್ಟರೂ ಆ ಬುದ್ಧಿ ಬಿಡಲಿಲ್ಲ.

ವಿಚಾರಿಸಿದರೆ ಎರಡೂ ಚೀಟಿ ಸುಳ್ಳಲ್ಲ. 87 ಅನ್ನುವುದು ಎಎಫ್‌ಯುಇ, ಅಂದರೆ ಸುಟ್ಟ ಎಣ್ಣೆಯ ಶಾಖದಲ್ಲಿ ನೂರಕ್ಕೆ ಎಷ್ಟು ಮನೆಗೆ ಸಿಗುತ್ತದೆ ಅನ್ನುವ ಇಡೀ ವರ್ಷದ ಸರಾಸರಿ ಅಂತ ಲ್ಯಾಬಿನಲ್ಲಿ ಕಟ್ಟಿದ ಲೆಕ್ಕ. 2021ರಿಂದ ಇಲ್ಲಿ ಬಿಸಿನೀರು ಹರಿಸಿ ಮನೆ ಕಾಯಿಸುವ ಎಣ್ಣೆ ಬಾಯ್ಲರಿಗೆ ಕನಿಷ್ಠ 86 ಇರಬೇಕು. ನಮ್ಮದು ಒಂದೇ ಒಂದರಲ್ಲಿ ಪಾಸು. ಟೆಕ್ನಿಷಿಯನ್‌ನ 85.5 ಆ ಹೊತ್ತಿನ ಲೆಕ್ಕ. ಹೊಗೆ ಕೊಳವೆಯ ತೂತಿಗೆ ಸಲಾಕೆ ತೂರಿಸಿ, ಹೊಗೆಯ ಬಿಸಿ ಎಷ್ಟು, ಉರಿಯದೆ ಉಳಿದ ಆಮ್ಲಜನಕ ಎಷ್ಟು ಅಂತ ನೋಡುತ್ತಾನೆ. ಆಮೇಲೆ ಪುಟ್ಟ ಪಂಪಿನಿಂದ ಹತ್ತು ಸಲ ಹೊಗೆ ಎಳೆದು, ಬಿಳಿ ಕಾಗದ ಎಷ್ಟು ಕಪ್ಪಾಯಿತು ಅಂತ ಪಟ್ಟಿಗೆ ಹಿಡಿದು ನೋಡುತ್ತಾನೆ. ನನಗೆ ಇಡೀ ಕೆಲಸದಲ್ಲಿ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಈ ಕಾಗದವೇ. ಸುಳ್ಳು ಹೇಳೋಕೆ ಅದಕ್ಕೆ ಬರಲ್ಲ.

ಉಳಿದ 13 ಬಹುಪಾಲು ಚಿಮಣಿಯ ಪಾಲು. ನಮ್ಮದರಂಥ ಬಾಯ್ಲರಿನಲ್ಲಿ ಅದನ್ನು ಪೂರ್ತಿ ಹಿಡಿದಿಟ್ಟುಕೊಳ್ಳುವ ಹಾಗೂ ಇಲ್ಲ. ಹೊಗೆ ತೀರಾ ತಣ್ಣಗಾದರೆ ಅದರಲ್ಲಿರುವ ನೀರಾವಿ ಹನಿಗಟ್ಟುತ್ತದೆ, ಗಂಧಕದ ಅಂಶ ಸೇರಿ ಆಮ್ಲವಾಗಿ ಬೀಡುಕಬ್ಬಿಣವನ್ನೂ ಚಿಮಣಿಯನ್ನೂ ತಿನ್ನುತ್ತದೆ. ಆ ನೀರಾವಿಯೊಂದೇ ಎಣ್ಣೆಯ ಶಾಖದಲ್ಲಿ ಸುಮಾರು ಆರು ಪರ್ಸೆಂಟ್ ಹೊತ್ತೊಯ್ಯುತ್ತದೆ. ಜರ್ಮನಿಯಲ್ಲಿ ಹಿಂದೆ ಈ ಆರನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹಾಗಾಗಿ ನನ್ನ 87 ಅಲ್ಲಿನ ಆ ಲೆಕ್ಕದಲ್ಲಿ 92 ದಾಟುತ್ತದೆ. ನೀರಾವಿಯನ್ನೂ ಹಿಂಡಿಕೊಳ್ಳುವ ಬಾಯ್ಲರುಗಳು ಆ ಲೆಕ್ಕದಲ್ಲಿ ನೂರಕ್ಕೂ ಜಾಸ್ತಿ ತೋರಿಸುತ್ತಿದ್ದವು. ನೂರಕ್ಕೆ ನೂರನಾಲ್ಕು! ನಮ್ಮ ಗಣಿತದ ಮೇಷ್ಟ್ರು ಬೆತ್ತ ಹುಡುಕುತ್ತಿದ್ದರು.

ನಿಜವಾದ ಸೋರಿಕೆ ಇರುವುದು ಬೇರೆ ಕಡೆ. ಈ ಭಾಗದ ಎಷ್ಟೋ ಮನೆಗಳಲ್ಲಿ ಸ್ನಾನದ ನೀರೂ ಇದೇ ಬಾಯ್ಲರಿನೊಳಗಿನ ತಾಮ್ರದ ಸುರುಳಿಯಲ್ಲೇ ಕಾಯುತ್ತದೆ. ಯಾರು ಯಾವಾಗ ನಲ್ಲಿ ತಿರುಗಿಸುತ್ತಾರೋ ಗೊತ್ತಿಲ್ಲವಲ್ಲ, ಹಾಗಾಗಿ ಅದು ಹಗಲೂ ರಾತ್ರಿ ಬಿಸಿಯಾಗಿಯೇ ಕಾದು ಕೂರಬೇಕು. ಜುಲೈ ತಿಂಗಳ ಸೆಕೆಯಲ್ಲಿ ಮೇಲೆ ಎ.ಸಿ., ಕೆಳಗೆ ಬಾಯ್ಲರ್, ಎರಡೂ ಒಟ್ಟಿಗೆ ದುಡಿಯುತ್ತವೆ. ಮೇಲಾಗಿ ಕೂರಿಸುವವರು ಮನೆಗೆ ಎಷ್ಟು ಶಾಖ ಬೇಕು ಅಂತ ಅಳೆಯದೆ ಹಳೆಯದು ಎಷ್ಟಿತ್ತೋ ಅಷ್ಟೇ ದೊಡ್ಡದು ಇಟ್ಟು ಹೋಗುತ್ತಾರೆ. ದೊಡ್ಡ ಬಾಯ್ಲರ್ ಸ್ವಲ್ಪ ಉರಿದು ನಿಲ್ಲುತ್ತದೆ, ಮತ್ತೆ ಹೊತ್ತುತ್ತದೆ, ಮತ್ತೆ ನಿಲ್ಲುತ್ತದೆ. ಒಂದೇ ರೇಟಿಂಗಿನ ಎರಡು ಬಾಯ್ಲರುಗಳು ವರ್ಷದ ಕೊನೆಗೆ ಬೇರೆ ಬೇರೆ ಬಿಲ್ ಕೊಡುವುದು ಹೀಗೆ.

ಹಾಗಾದರೆ ಮೈಲೇಜ್? ಅದು ಎಣ್ಣೆ ಹಾಕುವವರ ಹತ್ತಿರ ಮೊದಲಿನಿಂದಲೂ ಇದೆ. ಟ್ಯಾಂಕ್ ಯಾವಾಗ ಖಾಲಿಯಾಗುತ್ತದೆ ಅಂತ ಅವರು ಇಣುಕಿ ನೋಡುವುದಿಲ್ಲ, ಚಳಿ ಎಣಿಸುತ್ತಾರೆ. ದಿನದ ಸರಾಸರಿ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿಳಿಯಿತೋ ಅಷ್ಟು 'ಡಿಗ್ರಿ ಡೇ'. 25 ಇದ್ದ ದಿನಕ್ಕೆ 40. ಒಂದು ಗ್ಯಾಲನ್ ಎಣ್ಣೆ ಎಷ್ಟು ಡಿಗ್ರಿ ಡೇ ದಾಟಿಸಿತು ಅನ್ನುವುದೇ ಕೆ ಫ್ಯಾಕ್ಟರ್. ಗ್ಯಾಲನ್‌ಗೆ ಇಷ್ಟು ಚಳಿ! ಇದಕ್ಕಿಂತ ನಮ್ಮ ಬುದ್ಧಿಗೆ ಒಪ್ಪುವ ಅಳತೆ ಇನ್ನೊಂದಿಲ್ಲ. ಲ್ಯಾಬಿನ ಹಂಗಿಲ್ಲ. ಮನೆಯ ಕಿಟಕಿ, ಮಕ್ಕಳ ಸ್ನಾನ, ತೆರೆದಿಟ್ಟ ಬಾಗಿಲು ಎಲ್ಲ ಅದರಲ್ಲೇ ಬಂತು.

ಹಳೆಯ ಬಾಯ್ಲರ್ ಇದ್ದಾಗ ನಮ್ಮ ಮನೆಯದು 5.8. ಈ ಚಳಿಗಾಲ 6.9. ನಾನು ಖುಷಿಯಿಂದ ಮಹಡಿ ಹತ್ತಿ ಹೇಳಿದರೆ, ಹೆಂಡತಿ ತಲೆ ಎತ್ತದೆ, "ರೀ, ಅದು ಬಾಯ್ಲರ್ ಅಲ್ಲ, ಅಟ್ಟ" ಅಂದಳು. ಅದೇ ಶರತ್ಕಾಲದಲ್ಲಿ ಅವಳು ಅಟ್ಟಕ್ಕೆ ಇನ್ಸುಲೇಷನ್ ಹಾಕಿಸಿದ್ದಳು. ಈಗ ಈ 1.1 ಅನ್ನು ಹಂಚಬೇಕು. ಬಾಯ್ಲರಿಗೆ 0.7 ಆದರೂ ಸಲ್ಲಬೇಕು ಅಂತ ನನ್ನ ಪಟ್ಟು. 0.2ರ ಮೇಲೆ ಒಂದು ಚೂರೂ ಇಲ್ಲ ಅಂತ ಅವಳದು.