ಸ್ಪಷ್ಟನೆ: ನೀರು ಕುಡಿದು ಡೋಪಿಂಗ್ ಪರೀಕ್ಷೆ ದಾಟಲಾಗದು

‘ಪರೀಕ್ಷೆಗೆ ಮುನ್ನ ಮೂರು-ನಾಲ್ಕು ಲೀಟರ್ ನೀರು ಕುಡಿದರೆ ಮೂತ್ರ ತೆಳುವಾಗಿ ಏನೂ ಪತ್ತೆಯಾಗದು’ ಎಂಬ ಸಂದೇಶ ಕ್ರೀಡಾಪಟುಗಳ ನಡುವೆ ಹರಿದಾಡುತ್ತಿದೆ. ಇದು ತಪ್ಪು.

ಮೂತ್ರದ ಮಾದರಿ ಕನಿಷ್ಠ 90 ಮಿ.ಲೀ. ಇರಬೇಕು. ಅದನ್ನು ಎ ಮತ್ತು ಬಿ ಎಂಬ ಎರಡು ಬಾಟಲಿಗಳಿಗೆ ಹಾಕಿ ಮುಚ್ಚಳ ಬಿಗಿದ ಮೇಲೆ, ಸಂಗ್ರಹ ಪಾತ್ರೆಯ ತಳದಲ್ಲಿ ಉಳಿಸಿಕೊಂಡ ಹನಿಗಳನ್ನು ರಿಫ್ರ್ಯಾಕ್ಟೋಮೀಟರ್ ಎಂಬ ಅಳತೆ ಉಪಕರಣದಲ್ಲಿಟ್ಟು ಸಾಪೇಕ್ಷ ಸಾಂದ್ರತೆ (ನೀರಿಗೆ ಹೋಲಿಸಿದರೆ ಮೂತ್ರ ಎಷ್ಟು ಗಾಢ ಎಂಬುದು) ನೋಡುತ್ತಾರೆ. 150 ಮಿ.ಲೀ.ಗಿಂತ ಕಡಿಮೆ ಕೊಟ್ಟಿದ್ದರೆ ಅದು ಕನಿಷ್ಠ 1.005, 150 ಅಥವಾ ಹೆಚ್ಚು ಕೊಟ್ಟಿದ್ದರೆ 1.003 ಇರಬೇಕು. ಇಲ್ಲದಿದ್ದರೆ ಮತ್ತೊಂದು ಮಾದರಿ ಕೇಳುತ್ತಾರೆ. ಅಲ್ಲಿಯವರೆಗೆ ಸಿಬ್ಬಂದಿಯ ಕಣ್ಣೆದುರೇ ಇರಬೇಕು. ಆಗಲೂ ನೀರು ಕುಡಿಯುತ್ತಲೇ ಹೋದರೆ ಮುಂದಿನದೂ ತೆಳುವಾಗಿ, ಕಾಯುವುದು ಗಂಟೆಗಟ್ಟಲೆ ಲಂಬಿಸುತ್ತದೆ. ಬೇಸತ್ತು ಎದ್ದು ಹೋಗಲೇಬೇಡಿ: ಮಾದರಿ ಕೊಡದೆ ಹೋಗುವುದೇ ನಿಯಮ ಉಲ್ಲಂಘನೆ, ನಾಲ್ಕು ವರ್ಷದವರೆಗೂ ನಿಷೇಧ ಬೀಳಬಹುದು.

ಇದೇ ಉದ್ದೇಶಕ್ಕೆ ಫ್ಯುರೋಸೆಮೈಡ್‌ನಂಥ ಮೂತ್ರವರ್ಧಕ ಮಾತ್ರೆ ನುಂಗುವುದು ಇನ್ನೂ ಅಪಾಯಕಾರಿ. ಸ್ಪರ್ಧೆ ಇರಲಿ, ಇಲ್ಲದಿರಲಿ, ಅವು ಸದಾ ನಿಷೇಧಿತ. ವೈದ್ಯರೇ ಬರೆದುಕೊಟ್ಟಿದ್ದರೂ ಚಿಕಿತ್ಸಾ ವಿನಾಯಿತಿಗೆ (ಚಿಕಿತ್ಸೆಗಾಗಿ ನಿಷೇಧಿತ ಔಷಧ ಬಳಸಲು ಕೊಡುವ ಅನುಮತಿಗೆ) ಅರ್ಜಿ ಹಾಕಲೇಬೇಕು. ಬರೀ ಔಷಧ ಚೀಟಿ ತೋರಿಸಿದರೆ ನಡೆಯದು.

ಒಮ್ಮೆಲೇ ಲೀಟರ್‌ಗಟ್ಟಲೆ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.