ಹೆಗಲ ಮ್ಯಾಲ ಹಸಿರು ಟವೆಲ್, ಓಟು ಕಾರ್ಖಾನಿಗೆ

2025ರ ನವೆಂಬರ್ ಮೊದಲ ವಾರ ಬೆಳಗಾವಿ ಜಿಲ್ಲೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ಕೂಡಿದ ಮಂದಿಯನ್ನ ಟಿವಿಯಲ್ಲಿ ನೋಡಿದವರೆಲ್ಲ ಆಮೇಲೆ ಒಂದೇ ಪ್ರಶ್ನೆ ಹಾಕಿದರು: ಇಷ್ಟು ಜನ ಬೀದಿಗಿಳಿಯೋ ಜಿಲ್ಲೆಯಲ್ಲಿ ರೈತ ಸಂಘದ ಒಬ್ಬ ಶಾಸಕನೂ ಯಾಕಿಲ್ಲ? ಉತ್ತರವಾಗಿ ಬರೋದು ಹೆಚ್ಚಾಗಿ ಬೈಗುಳ. ರೈತರಿಗೆ ಬುದ್ಧಿಯಿಲ್ಲ, ರೊಕ್ಕ ತಗೊಂಡು ಓಟು ಹಾಕ್ತಾರೆ, ಜಾತಿ ನೋಡ್ತಾರೆ. ಜಾತಿ, ರೊಕ್ಕ ಎರಡೂ ಇವೆ, ಇಲ್ಲ ಅನ್ನೋಕಾಗಲ್ಲ. ಆದರೆ ಹೆಗಲ ಮೇಲೆ ಹಸಿರು ಟವೆಲ್ ಹಾಕ್ಕೊಂಡು ಧರಣಿ ಕೂತವನು ಮತಯಂತ್ರದ ಮುಂದೆ ಬೇರೆ ಗುಂಡಿ ಒತ್ತೋದಕ್ಕೆ ಬೇರೆ ಲೆಕ್ಕವೂ ಇದೆ, ಅದು ಅವನ ಮಟ್ಟಿಗೆ ಸರಿಯಾದ ಲೆಕ್ಕವೇ.

ನಮ್ಮ ಕಡೆ ಎಡಪಂಥ ಅಂದರೆ ಕೆಂಪು ಬಾವುಟಕ್ಕಿಂತ ಮೊದಲು ನೆನಪಾಗಬೇಕಾದ್ದು ರೈತ ಸಂಘವೇ. ಅದರ ಬೇರು ಮಲಪ್ರಭೆಯಲ್ಲಿದೆ. ಅಣೆಕಟ್ಟು ಸವದತ್ತಿ ತಾಲೂಕಿನಲ್ಲಿ, ಕಾಲುವೆ ನರಗುಂದ-ನವಲಗುಂದದ ಕಡೆ. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ನೀರಿನ ಕರ, ಅಭಿವೃದ್ಧಿ ಕರ ಹಾಕಿದ್ದಕ್ಕೆ ಶುರುವಾದ ಜಗಳ 1980ರ ಜುಲೈ 21ರಂದು ಗೋಲಿಬಾರಿನಲ್ಲಿ ಮುಗಿಯಿತು. ಆ ಸಿಟ್ಟೇ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಕೈಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘವಾಯಿತು. ಸಾಲ ವಸೂಲಿಗೆ ಬರೋ ಅಧಿಕಾರಿ ಅಪ್ಪಣೆಯಿಲ್ಲದೆ ಊರೊಳಗೆ ಕಾಲಿಡಬಾರದು ಅಂತ ಅಗಸಿಯಲ್ಲಿ ಬೋರ್ಡು ನಿಂತವು. ನಂಜುಂಡಸ್ವಾಮಿ ಲೋಹಿಯಾ ದಾರಿಯ ಸಮಾಜವಾದಿ. ಸಂಘದ ಮಾತಿನಲ್ಲಿ, ನಡೆಯಲ್ಲಿ ಅದು ಎದ್ದು ಕಾಣುತ್ತಿತ್ತು.

1989ರಲ್ಲಿ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು. ಅವರು ಕಿತ್ತೂರು ಇಟ್ಟುಕೊಂಡು ಧಾರವಾಡ ಬಿಟ್ಟುಕೊಟ್ಟರು, ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ಗೆದ್ದು ಬಂದರು. ಇದನ್ನ ಎರಡು ಸಲ ಓದಿ. ಸಂಘದ ವಿಧಾನಸಭೆಯ ಬೋಣಿಗೆ ಆಗಿದ್ದು ಮಂಡ್ಯದಲ್ಲಲ್ಲ, ಕಿತ್ತೂರು-ಧಾರವಾಡದ ನೆಲದಲ್ಲಿ. ಪುಟ್ಟಣ್ಣಯ್ಯನವರು ಪಾಂಡವಪುರದಲ್ಲಿ ಗೆದ್ದದ್ದು 1994ರಲ್ಲಿ. ಅಲ್ಲಿಂದ ಮುಂದೆ ದಕ್ಷಿಣದಲ್ಲಿ ಒಂದು ಕ್ಷೇತ್ರವಾದರೂ ಸಂಘದ ಕೈಗೆ ಆಗಾಗ ಸಿಕ್ಕಿತು: 2013ರಲ್ಲಿ ಮೇಲುಕೋಟೆ, 2023ರಲ್ಲಿ ಮತ್ತೆ ಮೇಲುಕೋಟೆ, ಎರಡನೆಯ ಸಲ ಕಾಂಗ್ರೆಸ್ಸಿನ ಬೆಂಬಲದಿಂದ. ಉತ್ತರದಲ್ಲಿ ಬೇರಿತ್ತು, ಗಿಡ ಉಳಿಯಲಿಲ್ಲ.

ಮುರಿದದ್ದು ಹೇಗೆ ಅಂತ ಕೇಳಿದರೆ ಎಲ್ಲರೂ 1998 ಅಂತಾರೆ. ಆ ವರ್ಷ ಬಾಬಾಗೌಡರು ಬಿಜೆಪಿಯಿಂದ ಬೆಳಗಾವಿ ಲೋಕಸಭೆಗೆ ಗೆದ್ದು, ವಾಜಪೇಯಿ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿಯ ರಾಜ್ಯ ಸಚಿವರಾದರು. ಮರುವರ್ಷವೇ ಆ ಸೀಟು ಕಾಂಗ್ರೆಸ್ಸಿನ ಪಾಲಾಯಿತು. ಆದರೆ ಸಂಘದೊಳಗೆ ಬಿರುಕು ಅದಕ್ಕೂ ಹಿಂದೆಯೇ ಬಿದ್ದಿತ್ತು. ಬಾಬಾಗೌಡರೊಬ್ಬರ ಮೇಲೆ ಎಲ್ಲ ಹೊರಿಸೋದು ನನಗೆ ಒಪ್ಪಿಗೆಯಿಲ್ಲ. ಸಂಘ ಬೀಜದ ಕಂಪನಿ, ವಿದೇಶಿ ಬಂಡವಾಳದ ವಿರುದ್ಧ ದೊಡ್ಡ ಹೋರಾಟ ಮಾಡಿತು, ಮಾಡಬೇಕಿತ್ತು ಕೂಡ. ಆದರೆ ಬೈಲಹೊಂಗಲದ ಕಬ್ಬಿನ ರೈತನಿಗೆ ಆ ಹೊತ್ತಿಗೆ ಬೇಕಿದ್ದದ್ದು ಕಾಟಾದ (ಗಾಡಿ ತೂಗೋ ಯಂತ್ರದ) ಹತ್ತಿರ ನಿಂತು ತೂಕ ನೋಡೋ ಒಬ್ಬ ಮನುಷ್ಯ. 2004ರ ಫೆಬ್ರವರಿಯಲ್ಲಿ ನಂಜುಂಡಸ್ವಾಮಿ ತೀರಿಕೊಂಡ ಮೇಲಂತೂ ಬಣಕ್ಕೊಂದು ಅಧ್ಯಕ್ಷ, ಬಣಕ್ಕೊಂದು ಲೆಟರ್‌ಹೆಡ್. ಇವತ್ತು ಒಂದೇ ಬೇಡಿಕೆಗೆ ಡಿಸಿ ಆಫೀಸಿಗೆ ಬೆಳಿಗ್ಗೆ ಒಂದು ಬಣದ ಮನವಿ, ಮಧ್ಯಾಹ್ನ ಇನ್ನೊಂದರದು. ಟವೆಲ್ ಒಂದೇ ಬಣ್ಣದ್ದಾದ್ದರಿಂದ ಒಳಗಿನ ಕ್ಲರ್ಕಿಗೂ ಯಾರು ಯಾರ ಕಡೆಯವರು ಗೊತ್ತಾಗಲ್ಲ.

ಒಡಕಿನ ನಷ್ಟ ಭಾವನೆಯದಷ್ಟೇ ಅಂತ ಅನ್ಕೋಬೇಡಿ. ಅದು ಮತಯಂತ್ರದ ಮೇಲೆ ಕಾಣುತ್ತೆ. ಮಾನ್ಯತೆ ಇರೋ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಮಾನ್ಯತೆ ಇಲ್ಲದ ಪಕ್ಷದವನಿಗೆ, ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮಂದಿ ಸೂಚಕರು ಬೇಕು. ಹತ್ತರಲ್ಲಿ ಒಬ್ಬನ ಹೆಸರು ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಇಲ್ಲದಿದ್ದರೂ ನಾಮಪತ್ರವೇ ಬೀಳುತ್ತೆ. ಗುರುತಿನದು ಇನ್ನೂ ದೊಡ್ಡ ಪೇಚು. ನೋಂದಣಿ ಮಾತ್ರ ಇರೋ ಪಕ್ಷಕ್ಕೆ ಎಲ್ಲ ಕಡೆ ಒಂದೇ ಗುರುತು ಬೇಕಂದ್ರೆ ಆಯೋಗಕ್ಕೆ ಮೊದಲೇ ಅರ್ಜಿ ಹಾಕಬೇಕು, ವಿಧಾನಸಭೆಯ ಶೇ. 5ರಷ್ಟು ಕ್ಷೇತ್ರಗಳಲ್ಲಾದರೂ ನಿಲ್ಲಬೇಕು. 224ಕ್ಕೆ ಅದು 12 ಕ್ಷೇತ್ರ. ಬೆಳಗಾವಿಯ 18, ಬಾಗಲಕೋಟೆಯ 7, ವಿಜಯಪುರದ 8 ಸೇರಿದರೆ 33 ಆಗುತ್ತೆ. ಎಲ್ಲ ಬಣ ಕೂಡಿದರೆ ಈ ಮೂರು ಜಿಲ್ಲೆಯಲ್ಲೇ 12 ಮಂದಿಯನ್ನ ನಿಲ್ಲಿಸಬಹುದು. ಕೂಡಲ್ಲ. ಹಾಗಾಗಿ ಒಬ್ಬೊಬ್ಬನಿಗೆ ಒಂದೊಂದು ಬಿಡಿ ಗುರುತು, ಅದೂ ನಾಮಪತ್ರ ವಾಪಸು ಪಡೆಯೋ ಗಡುವು ಮುಗಿದ ಮೇಲೆ. ಅಲ್ಲಿಂದ ಮತದಾನಕ್ಕೆ ಉಳಿಯೋದು ಸುಮಾರು ಎರಡು ವಾರ. ಟವೆಲಿನ ಹಸಿರು ನೋಡಿ ಗುರುತು ಹಿಡಿಯೋ ಅಜ್ಜನಿಗೆ ಯಂತ್ರದ ಮೇಲೆ ಸಿಗೋದು ಗ್ಯಾಸ್ ಒಲೆಯೋ ಬ್ಯಾಟೋ. ಪಕ್ಕದ ಕ್ಷೇತ್ರದಲ್ಲಿರೋ ಅವನ ಮಗಳಿಗೆ ಮತ್ತೊಂದು. ಠೇವಣಿ 10,000 ರೂಪಾಯಿ, ಚಲಾವಣೆಯಾದ ಮತದ ಆರರಲ್ಲಿ ಒಂದು ಪಾಲು ದಾಟದಿದ್ದರೆ ಅದೂ ಹೋಯಿತು.

ಇನ್ನು ಬೂತು. ಒಂದು ಕ್ಷೇತ್ರಕ್ಕೆ ಇನ್ನೂರು ಚಿಲ್ಲರೆ ಬೂತು ಹಿಡಿಯಿರಿ. ಬೂತಿಗೊಬ್ಬ ಏಜೆಂಟ್, ಬದಲಿಗೆ ಇನ್ನೊಬ್ಬ ಅಂದರೂ ನಾನೂರಕ್ಕೂ ಮೇಲೆ ಮಂದಿ ಬೇಕು. ಅವರು ಬೆಳಗಿನ ಜಾವ ಅಣಕು ಮತದಾನಕ್ಕೆ ಹಾಜರಿರಬೇಕು, ಸಂಜೆ ಬೂತಿನಲ್ಲಿ ಬಿದ್ದ ಮತದ ಲೆಕ್ಕ ಇರೋ 17ಸಿ ನಮೂನೆಯ ಪ್ರತಿ ಕೈಗೆ ಬರೋ ತನಕ ಏಳಬಾರದು. ಸಂಘದಲ್ಲಿ ಇಷ್ಟು ಮಂದಿ ಇಲ್ಲ ಅಂತಲ್ಲ, ರಸ್ತೆ ತಡೆಗೆ ಇದರ ಹತ್ತು ಪಟ್ಟು ಬರ್ತಾರೆ. ಆದರೆ ಓಟು ಗುಪ್ತ, ಏಜೆಂಟ್ ಗುಪ್ತ ಅಲ್ಲ. ಸಂಘದ ಏಜೆಂಟ್ ಆಗಿ ಕೂತವನ ಮುಖ ದಿನವಿಡೀ ಎದುರಿಗೆ ಕೂತ, ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ನಿನ (ಕಬ್ಬಿನ ಹೊಲ ನೋಡಿಕೊಳ್ಳೋ ನೌಕರನ) ತಮ್ಮ ನೋಡ್ತಾನೆ. ಮತ ಎಣಿಕೆಯೂ ಬೂತುವಾರು ಆಗೋದರಿಂದ ಯಾವ ಊರು ಯಾರಿಗೆ ಎಷ್ಟು ಹಾಕಿತು ಅನ್ನೋದು ಫಾರಂ 20ರಲ್ಲಿ ಅಚ್ಚಾಗಿ ಬರುತ್ತೆ. ನಮ್ಮ ಮುಖಂಡರು ಫಾರಂ 20 ಓದೋಷ್ಟು ಶ್ರದ್ಧೆಯಿಂದ ಬೇರೇನೂ ಓದಲ್ಲ.

ಅದರಿಂದ ಏನಾಗುತ್ತೆ ಅನ್ನೋದು ಕಬ್ಬಿನ ಹೊಲದಲ್ಲಿ ನಿಂತರೆ ತಿಳಿಯುತ್ತೆ. ಕಬ್ಬು ನಾಟಿಯಾದ ಮೇಲೆ ಕಾರ್ಖಾನೆಯಲ್ಲಿ ಹೆಸರು ಹಚ್ಚಿಸಬೇಕು: ಸರ್ವೆ ನಂಬರ್, ತಳಿ, ನಾಟಿಯ ತಾರೀಖು. ಆ ತಾರೀಖಿನ ಪಾಳಿಯಂತೆ ಕಟಾವಿನ ಗ್ಯಾಂಗ್ ಬರಬೇಕು. ಪಾಳಿಯ ಪಟ್ಟಿ ಇರೋದು ಫೀಲ್ಡ್‌ಮನ್ ಕೈಯಲ್ಲಿ. ಹನ್ನೆರಡು ತಿಂಗಳು ತುಂಬಿದ ಕಬ್ಬು ಹೊಲದಲ್ಲೇ ನಿಂತರೆ ಹೂ ಬಿಡುತ್ತೆ, ಒಳಗೆ ಬೆಂಡಾಗುತ್ತೆ, ತೂಕ ಇಳಿಯುತ್ತೆ. ಕಡಿದ ಬುಡದಿಂದ ಮತ್ತೆ ಚಿಗುರೋ ಕುಳೆಗೆ ನೀರು-ಗೊಬ್ಬರ ಕೊಡೋ ಹಂಗಾಮೂ ತಪ್ಪುತ್ತೆ. ಯಾರೂ ಬಾಯಿಬಿಟ್ಟು ಬೆದರಿಸೋ ಅಗತ್ಯ ಇಲ್ಲ. "ಗ್ಯಾಂಗ್ ಇನ್ನಾ ಆ ಕಡೆ ಐತ್ರಿ ಕಾಕಾ, ಮುಂದಿನ ವಾರ ನೋಡೂಣ" ಅಂದರೆ ಮುಗೀತು. ಕಾಕಾ ಮುಂದಿನ ಸಲ ಸಂಘದ ಬೂತಿನಲ್ಲಿ ಕೂರಲ್ಲ.

ದರದ ಲೆಕ್ಕವನ್ನೂ ನೋಡಿಬಿಡಿ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಶೇ. 10.25 ಇಳುವರಿಗೆ (ಕಬ್ಬಿನಿಂದ ಬರೋ ಸಕ್ಕರೆಯ ಪಾಲಿಗೆ) ಟನ್ನಿಗೆ 3,550 ರೂಪಾಯಿ. ಅದರ ಮೇಲೆ ಪ್ರತಿ 0.1ಕ್ಕೆ ಟನ್ನಿಗೆ 34 ರೂಪಾಯಿ 60 ಪೈಸೆ. ಇಳುವರಿ 11.25 ಇದ್ದರೆ 346 ಸೇರಿ 3,896 ಆಗಬೇಕು. ಆದರೆ ಇದು ಕಾರ್ಖಾನೆ ಬಾಗಿಲಿನ ದರ. ಕಟಾವು, ಸಾಗಾಣಿಕೆ ಅಂತ 800 ಮುರಿದರೆ ಕೈಗೆ 3,096. ಗುರ್ಲಾಪುರದಲ್ಲಿ ಕೇಳಿದ್ದು ಮುರಿತ ಬಿಟ್ಟು 3,500, ಸರ್ಕಾರ ನಿಂತದ್ದು 11.25ರ ಇಳುವರಿಗೆ 3,300ಕ್ಕೆ. ಪೇಪರಿನಲ್ಲಿ ದರ ಬಂತು, ಜಗಳ ಮುಗೀತು ಅನ್ನೋರು ಇಳುವರಿಯನ್ನ ಯಾರು ಅಳೀತಾರೆ ಅಂತ ಕೇಳಲ್ಲ. ಅಳೆಯೋದು ಕಾರ್ಖಾನೆಯ ಲ್ಯಾಬು, ದರಕ್ಕೆ ಹಿಡಿಯೋದು ಹಿಂದಿನ ಹಂಗಾಮಿನ ಸರಾಸರಿ. ಅರ್ಧ ಪರ್ಸೆಂಟ್ ಕಡಿಮೆ ತೋರಿಸಿದರೆ ಎಫ್‌ಆರ್‌ಪಿ ಲೆಕ್ಕದಲ್ಲಿ ಟನ್ನಿಗೆ 173 ರೂಪಾಯಿ ಹೋಯಿತು, ಎಕರೆಗೆ 40 ಟನ್ ಬೆಳೆದವನಿಗೆ 6,920. ತೂಕದ್ದು ಬೇರೆ: 16 ಟನ್ ಹೇರಿದ ಗಾಡಿಗೆ ಕಾಟಾದಲ್ಲಿ ಶೇ. 3 ಕಮ್ಮಿ ಬಂದರೆ 480 ಕಿಲೋ, 3,300ರ ದರದಲ್ಲಿ ಒಂದೇ ಖೇಪಿಗೆ 1,584 ರೂಪಾಯಿ. ಬಿಲ್ಲು 14 ದಿನದೊಳಗೆ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಬಡ್ಡಿ ಕೇಳಲಿಕ್ಕೆ ಹೋದವನ ಹೆಸರು ಮರುವರ್ಷದ ಪಾಳಿಯಲ್ಲಿ ಎಲ್ಲಿರುತ್ತೆ, ನೀವೇ ಊಹಿಸಿ.

ಈ ಲೆಕ್ಕದಲ್ಲಿ ಪಕ್ಷ ಎಲ್ಲಿ ಬಂತು ಅಂದರೆ, ಈ ಮೂರು ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ ನಡೆಸೋ ಕುಟುಂಬಗಳು ಕಾಂಗ್ರೆಸ್ಸಿನಲ್ಲೂ ಇವೆ, ಬಿಜೆಪಿಯಲ್ಲೂ ಇವೆ. ಓಟು ಈ ಕಡೆ ಹಾಕಿದರೂ ಕಾರ್ಖಾನೆಗೆ, ಆ ಕಡೆ ಹಾಕಿದರೂ ಕಾರ್ಖಾನೆಗೆ. ಹಾಗಿದ್ದಾಗ ತನ್ನ ಕಬ್ಬು ಹೋಗೋ ಕಾರ್ಖಾನೆಯ ಕಡೆಯವರಿಗೇ ಹಾಕಿ ಪಾಳಿ ಉಳಿಸಿಕೊಳ್ಳೋದು ರೈತನ ಜಾಣತನ. ಸಂಘ ಅವನಿಗೆ ದರ ಕೊಡಿಸುತ್ತೆ, ಪಾಳಿ ಕೊಡಿಸಲ್ಲ. ದರ ಎಲ್ಲರಿಗೂ ಸಿಗುತ್ತೆ, ಧರಣಿಗೆ ಬಾರದವನಿಗೂ. ಪಾಳಿ ಮಾತ್ರ ಮುಖ ನೋಡಿ ಸಿಗುತ್ತೆ.

ಪಾಳಿ ಒಂದು ಕೀಲಿಯಾದರೆ ಎರಡನೆಯ ಕೀಲಿ ಸೊಸೈಟಿ. ಪಿಕೆಪಿಎಸ್‌ನಲ್ಲಿ, ಅಂದರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ, ಸೊನ್ನೆ ಬಡ್ಡಿಯ ಬೆಳೆ ಸಾಲ ಸಿಗುತ್ತೆ, 2023ರಲ್ಲಿ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆದರೆ ವಾಯಿದೆಯೊಳಗೆ ತುಂಬಿದರೆ ಮಾತ್ರ ಸೊನ್ನೆ. ಒಂದು ದಿನ ತಪ್ಪಿದರೂ ಬಡ್ಡಿ ಹತ್ತುತ್ತೆ. ಕಬ್ಬಿನ ಬಿಲ್ಲು ತಡವಾದರೆ ವಾಯಿದೆ ತಪ್ಪುತ್ತೆ, ವಾಯಿದೆ ತಪ್ಪಿದವನು ಸುಸ್ತಿದಾರ, ಸುಸ್ತಿದಾರನಿಗೆ ಸೊಸೈಟಿಯ ಚುನಾವಣೆಯಲ್ಲಿ ನಿಲ್ಲೋ ಹಕ್ಕಿಲ್ಲ. ಮಹಾಸಭೆಗೆ ಬಾರದವರ, ವ್ಯವಹಾರ ಮಾಡದವರ ಹೆಸರು ಬೇರೆ ಅನರ್ಹರ ಪಟ್ಟಿಗೆ ಹೋಗುತ್ತೆ. ಸೊಸೈಟಿಯ ಆಡಳಿತ ಮಂಡಳಿ ಒಬ್ಬ ಪ್ರತಿನಿಧಿಯನ್ನ ಆರಿಸುತ್ತೆ, ಆ ಪ್ರತಿನಿಧಿ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿನ ನಿರ್ದೇಶಕನನ್ನ ಆರಿಸ್ತಾನೆ. ನಮ್ಮ ಜಿಲ್ಲೆಯ ದೊಡ್ಡ ಮನೆತನಗಳು ಡಿಸಿಸಿ ಬ್ಯಾಂಕಿಗೆ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘಕ್ಕೆ ವಿಧಾನಸಭೆಯಷ್ಟೇ ಜಿದ್ದಿನಿಂದ ಹೊಡೆದಾಡೋದು ಸುಮ್ಮನಲ್ಲ. ಮತದಾರ ಎಲ್ಲಿ ತಯಾರಾಗ್ತಾನೆ ಅಂತ ಅವರಿಗೆ ಗೊತ್ತು. ಆ ಹೊತ್ತಿನಲ್ಲಿ ಸಂಘದವರು ಎಲ್ಲಿರ್ತಾರೆ? ಹೆಚ್ಚಿನ ಕಡೆ ಎರಡೂ ಪ್ಯಾನಲ್‌ಗಳಲ್ಲಿ ಹಂಚಿಹೋಗಿರ್ತಾರೆ.

ಕೆಂಪು ಬಾವುಟದ ಕಥೆ ಚಿಕ್ಕದು, ಇದಕ್ಕಿಂತ ಬೇರೆಯೇನಲ್ಲ. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆಯಿತು, 1970ರಲ್ಲಿ ಕಾರ್ಮಿಕ ಸಂಘಟನೆಯೂ ಒಡೆದು ಎಐಟಿಯುಸಿ ಪಕ್ಕಕ್ಕೆ ಸಿಐಟಿಯು ಬಂತು. ವಿಜಯಪುರದಲ್ಲಿ ಇವೆರಡರ ಜೊತೆ ಎಸ್‌ಯುಸಿಐ ಕೂಡ. ಅಂಗನವಾಡಿಯವರ ಗೌರವಧನ, ಬಿಸಿಯೂಟದವರ ಸಂಬಳ ಒಂದೊಂದು ನೂರು ಏರಿದ್ದರ ಹಿಂದೆ ಈ ಬಾವುಟಗಳ ಬೆವರಿದೆ. ಆದರೆ ಅಂಗನವಾಡಿ ಅಕ್ಕೋರು ಮುಷ್ಕರದ ಚಂದಾ ಚೀಟಿ ಹರಿಸೋದು ಒಂದು ಕಡೆ, ಓಟು ಮನೆಯವರು ಹೇಳಿದ ಕಡೆ. ಅವರನ್ನ ಕೇಳಿದರೆ ನೇರವಾಗೇ ಹೇಳ್ತಾರೆ: "ಯೂನಿಯನ್ ಬ್ಯಾರೆ, ಓಟ್ ಬ್ಯಾರೆ ಬಿಡ್ರಿ ಸರ." ನಾಯಕರು ಇದನ್ನ ಪ್ರಜ್ಞೆಯ ಕೊರತೆ ಅಂತ ಬರೀತಾರೆ. ನಾನು ಒಪ್ಪಲ್ಲ. ಗೆಲ್ಲದ ಅಭ್ಯರ್ಥಿಗೆ ಓಟು ಹಾಕಿ ಮನೆಯಲ್ಲಿ ಜಗಳ ಕಟ್ಕೊಳ್ಳೋದಕ್ಕೆ ಆಕೆಗೆ ಏನು ಕಾರಣ ಕೊಟ್ಟಿದ್ದೀರಿ?

ಹಾಗಾದರೆ ಏನು ಮಾಡಬೇಕು ಅಂದರೆ, ವಿಧಾನಸಭೆಗೆ ನಿಲ್ಲೋದನ್ನ ಎರಡು ಚುನಾವಣೆ ಬಿಟ್ಟುಬಿಡಬೇಕು ಅಂತ ನನ್ನ ಅಭಿಪ್ರಾಯ. ಬೈತೀರಿ, ಬೈಯಿರಿ. ಆ ಖರ್ಚಿನಲ್ಲಿ ತಾಲೂಕಿಗೆ ಎರಡು ಸ್ವಂತ ಕಾಟಾ ಹಾಕಬಹುದು, ಹೊರಗೆ ತೂಗಿಸಿದ ಚೀಟಿ ಹಿಡಿದು ಕಾರ್ಖಾನೆಗೆ ಹೋಗಬಹುದು. ವ್ಯತ್ಯಾಸ ಬಂದ ಗಾಡಿಯ ನಂಬರ್, ತಾರೀಖು, ಎರಡೂ ತೂಕ ಬರೆದು ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು. ಒಬ್ಬ ಕೊಟ್ಟರೆ ಅವನ ಗಾಡಿ ಯಾರ್ಡಿನಲ್ಲಿ ಎರಡು ದಿನ ಒಣಗುತ್ತೆ, ಐವತ್ತು ಮಂದಿ ಒಂದೇ ದಿನ ಕೊಟ್ಟರೆ ಒಣಗಿಸೋಕಾಗಲ್ಲ. ಕಟಾವಿನ ಪಾಳಿ ಪಟ್ಟಿಯನ್ನ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ ಅಂತ ಹಟ ಹಿಡಿಯಬಹುದು. ದರದ ಹೋರಾಟಕ್ಕಿಂತ ಈ ಒಂದು ಕಾಗದಕ್ಕೆ ಕಾರ್ಖಾನೆಯವರು ಹೆಚ್ಚು ಹೆದರ್ತಾರೆ.

ಮೇಲೆ ಏರೋ ಮೆಟ್ಟಿಲೂ ಮುರಿದಿವೆ ಅನ್ನೋದನ್ನ ಒಪ್ಪಬೇಕು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಗುರುತಿಲ್ಲ. ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕಾರ್ಖಾನೆ ಇದ್ದವರಿಗೆ ಅದರಿಂದ ತೊಂದರೆಯಿಲ್ಲ. ಸಣ್ಣ ಪಕ್ಷ ತನ್ನ ಹುಡುಗನನ್ನ ಮಂದಿಗೆ ಪರಿಚಯಿಸೋ ಜಾಗ ಅದೊಂದೇ ಆಗಿತ್ತು. ಹಾಗಾಗಿ ಉಳಿದದ್ದು ಸೊಸೈಟಿ. ಚುನಾವಣೆ ಐದು ವರ್ಷಕ್ಕೊಮ್ಮೆ, ಮತದಾರರು ಕೆಲವು ನೂರು, ಪಕ್ಷದ ಚಿಹ್ನೆ ಬೇಕಿಲ್ಲ, ಠೇವಣಿ ಅಲ್ಪ. ಬಣದವರು ಇಲ್ಲಿಯಾದರೂ ಊರಿಗೊಂದು ಪ್ಯಾನಲ್ ಮಾಡಲಿ. ಅದಕ್ಕೂ ಮೊದಲು ತಮ್ಮ ಊರಿನ ಸೊಸೈಟಿಗೆ ಹೋಗಿ ಅನರ್ಹರ ಪಟ್ಟಿ ಕೇಳಲಿ, ಅದರಲ್ಲಿ ಹಸಿರು ಟವೆಲಿನವರು ಎಷ್ಟು ಮಂದಿ ಅಂತ ಎಣಿಸಲಿ. ಈ ಸಲದ ಮಹಾಸಭೆಯ ಹಾಜರಿ ಪುಸ್ತಕಕ್ಕೆ ಅವರೆಲ್ಲರ ಸಹಿ ಬೀಳೋ ಹಾಗೆ ನೋಡಿಕೊಳ್ಳಲಿ.